ಜ್ವರಕ್ಕೆ ಕೂತ ನಾಯಿ

ಸಂಕ್ರಾಂತಿಯ ಸಂಜೆ. ಯಳಂದೂರಿನಿಂದ ಕೊಳ್ಳೇಗಾಲದ ಕಡೆಗೆ ಬರುವ ಹೆದ್ದಾರಿಯಲ್ಲಿ, ಮೇಷ್ಟ್ರ ಸ್ಕೂಟರಿನಲ್ಲಿ ಕಾಲಿಡುವ ಜಾಗದ ಮೇಲೆ ಅವರ ನಾಯಿ ರೋಸಿ ಎಂದಿನಂತೆ ಮೂಗು ಮುಂದೆ ಚಾಚಿ ನಿಂತಿದ್ದಳು. ಎದುರಿಗೆ ಕಿಚ್ಚು ಹಾಯಿಸಲು ಹೊರಟ ಎತ್ತಿನ ಜೋಡಿ ಬಂತು. ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಬೆನ್ನ ಮೇಲೆ ಹೊಸ ಜೂಲು. ಮೇಷ್ಟ್ರು ಬ್ರೇಕು ಹಿಡಿಯುವಷ್ಟರಲ್ಲಿ ಅವಳು ಜಿಗಿದಾಗಿತ್ತು. ಐದು ಕಿಲೋ ತೂಕದ ಬಿಳಿ ಉಂಡೆಯೊಂದು ರಸ್ತೆ ಬದಿಯ ಜಲ್ಲಿಯ ಮೇಲೆ ಬಿತ್ತು. ಒಂದೇ ಒಂದು ಸಲ ಕೂಗಿದಳು. ಆಮೇಲೆ ಎದ್ದು ಮೂರು ಕಾಲಿನ ಮೇಲೆ ನಿಂತು, ಬಲ ಮುಂಗಾಲನ್ನು ಗಾಳಿಯಲ್ಲಿ ತೂಗುಬಿಟ್ಟುಕೊಂಡೇ ಎತ್ತುಗಳನ್ನು ನೋಡಿ ಬೊಗಳಿದಳು.

ಆ ಬೊಗಳುವಿಕೆಯಲ್ಲೇ ಮುಂದಿನ ತಿಂಗಳುಗಳ ಕಷ್ಟವೆಲ್ಲ ಇತ್ತು. ಕಾಲು ಮುರಿದಿದೆ, ಉತ್ಸಾಹ ಮುರಿದಿಲ್ಲ.

ರೋಸಿಯನ್ನು ಊರವರು ಪಾಮೇರಿಯನ್ ಎನ್ನುತ್ತಾರೆ. ನಮ್ಮ ಸಣ್ಣ ಪಟ್ಟಣಗಳಲ್ಲಿ ಆ ಹೆಸರು ಹೊತ್ತ ಬಿಳಿ ನಾಯಿಗಳಲ್ಲಿ ಹೆಚ್ಚಿನವು ಇಂಡಿಯನ್ ಸ್ಪಿಟ್ಜ್ ಎಂಬ ಜಾತಿಯವು. ಬ್ರಿಟಿಷರ ಕಾಲದಲ್ಲಿ ಬಂದು, ಇಲ್ಲಿನ ಬಿಸಿಲಿಗೆ, ಇಲ್ಲಿನ ಮೊಸರನ್ನಕ್ಕೆ ಒಗ್ಗಿಹೋದವು. ಕಿವಿ ನೆಟ್ಟಗೆ, ಬಾಲ ಬೆನ್ನ ಮೇಲೆ, ದನಿ ದೇಹಕ್ಕಿಂತ ದೊಡ್ಡದು. ಅಂಗಳದಲ್ಲಿ ಎಲೆ ಅಲುಗಿದರೂ ಅವಕ್ಕೆ ಗೊತ್ತಾಗಬೇಕು. ಅಂಥ ಪ್ರಾಣಿಗೆ ಸುಮ್ಮನಿರು ಎಂದು ಹೇಳುವುದು ಹೇಗೆ?

ಬಿದ್ದ ಜಾಗದಲ್ಲೇ ಜನ ಸೇರಿದರು. ಒಬ್ಬರು ಬಿದಿರಿನ ದಬ್ಬೆ ಇಟ್ಟು ಕಟ್ಟಿ ಎಂದರು. ಇನ್ನೊಬ್ಬರು ಸಂದುಬಳ್ಳಿ ಅರೆದು ಹಚ್ಚಿ ಎಂದರು. ಮೂಲೆಮೂಲೆಯ ಕಾಂಡದ ಆ ಬಳ್ಳಿಯನ್ನು ಒಣ ಸೀಮೆಯ ಜನ ಮುರಿದ ಮೂಳೆಗೆ ಬಳಸುತ್ತ ಬಂದಿದ್ದಾರೆ. ಅಸ್ಥಿಸಂಹಾರಿ ಎಂದು ಆಯುರ್ವೇದವೂ ಅದನ್ನು ಬಲ್ಲದು. ಆಂಧ್ರದ ಪುತ್ತೂರಿನ ಕಟ್ಟಿನ ಮಾತೂ ಬಂತು. ಯಾರ ಮಾತೂ ಕೆಟ್ಟ ಮನಸ್ಸಿನದಲ್ಲ. ಆದರೆ ಮೇಷ್ಟ್ರು ಕಟ್ಟಲು ಬಿಡಲಿಲ್ಲ. ಗಾಬರಿಯಲ್ಲಿ ಬಿಗಿದ ದಾರದ ಕೆಳಗೆ ರಕ್ತ ಓಡುವುದಿಲ್ಲ. ಬೆರಳು ಊದಿ, ತಣ್ಣಗಾಗಿ, ಕೊಳೆಯಲು ಕೆಲವೇ ದಿನ ಸಾಕು. ಉಳಿಯಬಹುದಾಗಿದ್ದ ಕಾಲು ಹಾಗೆ ಹೋದದ್ದುಂಟು. ಹೆಗಲ ಮೇಲಿನ ಟವೆಲ್ಲನ್ನು ನೆಲಕ್ಕೆ ಹಾಸಿ, ನಾಯಿಯನ್ನು ಅದರ ಮೇಲೆ ಸರಿಸಿ, ತೊಟ್ಟಿಲಿನ ಹಾಗೆ ಎರಡು ಕಡೆ ಎತ್ತಿಕೊಂಡರು. ನೋವಿನಲ್ಲಿರುವ ನಾಯಿ ಸಾಕಿದವರ ಕೈಯನ್ನೇ ಕಚ್ಚಬಹುದು. ಹಾಗಾಗಿ ಕರವಸ್ತ್ರದಿಂದ ಮೂತಿಯನ್ನು ಉಸಿರಿಗೆ ಅಡ್ಡಿಯಾಗದಷ್ಟು ಸಡಿಲವಾಗಿ ಸುತ್ತಿದರು. ಮೇಷ್ಟ್ರು ಮಾಡಿದ್ದು ಇಷ್ಟೇ. ಇದಕ್ಕಿಂತ ಹೆಚ್ಚು ಮಾಡುವ ಅಗತ್ಯ ರಸ್ತೆಯಲ್ಲಿ ಇರುವುದೂ ಇಲ್ಲ.

ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಕಡೆ ಪಶು ಆಸ್ಪತ್ರೆಗಳಿವೆ. ಅಲ್ಲಿ ಬೆಳಗ್ಗೆ ಸಾಲು ನಿಲ್ಲುವುದು ಹಸು, ಎಮ್ಮೆ, ಆಡು, ಕುರಿ. 1962ಕ್ಕೆ ಕರೆ ಮಾಡಿದರೆ ಊರ ಬಾಗಿಲಿಗೇ ಬರುವ ಪಶು ಚಿಕಿತ್ಸಾ ವಾಹನವೂ ಮುಖ್ಯವಾಗಿ ದನಕರುಗಳಿಗೆಂದೇ ಇರುವುದು. ನಾಯಿಯ ಮೂಳೆಗೆ ಶಸ್ತ್ರಚಿಕಿತ್ಸೆ ಬೇಕೆಂದರೆ ಅರವತ್ತು ಕಿಲೋಮೀಟರಿಗೂ ಮಿಕ್ಕ ದಾರಿ ಸವೆಸಿ ಮೈಸೂರಿಗೆ ಹೋಗಬೇಕು. ಮೊದಲು ಹತ್ತಿರದ ವೈದ್ಯರು ನೋವಿಗೆ ಸೂಜಿ ಚುಚ್ಚಿ, ಹತ್ತಿಯ ದಪ್ಪ ಪದರದ ಮೇಲೆ ಪಟ್ಟಿ ಸುತ್ತಿ ಕಳಿಸಿದರು. ಮರುದಿನ ಮೈಸೂರಿನಲ್ಲಿ ಎಕ್ಸ್‌ರೇ ಆಯಿತು. ಮುಂಗಾಲಿನ ಜೋಡಿ ಮೂಳೆಗಳೆರಡೂ ಮಣಿಕಟ್ಟಿನ ತುಸು ಮೇಲೆ ಮುರಿದಿದ್ದವು.

ಪುಟ್ಟ ನಾಯಿಗಳಲ್ಲಿ ಇದು ತೀರ ಪರಿಚಿತವಾದ ಮುರಿತ. ಸೋಫಾದಿಂದ, ಮಂಚದಿಂದ, ಮಗುವಿನ ತೋಳಿನಿಂದ, ಜಗಲಿಯಿಂದ ಹಾರಿದಾಗ ಇಡೀ ಭಾರ ಬಳಪದಷ್ಟು ತೆಳ್ಳಗಿನ ಆ ಎರಡು ಮೂಳೆಗಳ ಮೇಲೆ ಬೀಳುತ್ತದೆ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಸಣ್ಣ ಜಾತಿಗಳಲ್ಲಿ ಆ ಜಾಗದ ಸುತ್ತ ಮಾಂಸ ಕಡಿಮೆ, ರಕ್ತನಾಳಗಳೂ ಕಡಿಮೆ. ಹಾಗಾಗಿ ಬರೀ ಪಟ್ಟಿ ಕಟ್ಟಿ ಬಿಟ್ಟರೆ ಮೂಳೆ ಕೂಡದೆ ಉಳಿಯುವ ಭಯ ದೊಡ್ಡ ನಾಯಿಗಳಿಗಿಂತ ಇವಕ್ಕೆ ಹೆಚ್ಚು. ಅದಕ್ಕೇ ವೈದ್ಯರು ಕಿರುಬೆರಳಿನಷ್ಟು ಉದ್ದದ ಲೋಹದ ಪ್ಲೇಟು ಇಟ್ಟು ಸ್ಕ್ರೂ ಹಾಕಿದರು. ಮೂರನೆಯ ದಿನ ಮನೆಗೆ ಕಳಿಸುವಾಗ ಹೇಳಿದ ಮಾತು ಸರಳವಾಗಿತ್ತು: ಎಂಟು ವಾರ ಓಡಬಾರದು, ಹಾರಬಾರದು, ಮೆಟ್ಟಿಲು ಹತ್ತಬಾರದು, ಇನ್ನೊಂದು ನಾಯಿಯ ಜೊತೆ ಆಡಬಾರದು. ಪ್ಲೇಟು ಮೂಳೆಯನ್ನು ಹಿಡಿದು ನಿಲ್ಲಿಸುತ್ತದೆ, ಕೂಡಿಸುವುದು ಮೂಳೆಯೇ.

ಮೂಳೆ ಕೂಡುವ ಬಗೆಯನ್ನು ಒಮ್ಮೆ ತಿಳಿದುಕೊಂಡರೆ ಈ ಕಟ್ಟುಪಾಡಿನ ಅರ್ಥ ತಾನಾಗಿ ಆಗುತ್ತದೆ. ಮುರಿದ ಸಂದಿನಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನೊಳಕ್ಕೆ ಕೂದಲೆಳೆಗಿಂತ ಸಣ್ಣ ರಕ್ತನಾಳಗಳು ಚಿಗುರುತ್ತವೆ. ಎರಡು ಮೂರು ವಾರದಲ್ಲಿ ಮೆತ್ತನೆಯ ಎಲುಬಿನಂಥದೊಂದು ಸೇತುವೆ ಕಟ್ಟಿಕೊಳ್ಳುತ್ತದೆ. ಅದಕ್ಕೆ ಸುಣ್ಣದ ಅಂಶ ಸೇರಿ ಗಟ್ಟಿಯಾಗಲು ಇನ್ನೂ ಕೆಲವು ವಾರ ಬೇಕು. ಮರಿಗಳಲ್ಲಿ ಇದೆಲ್ಲ ಒಂದು ತಿಂಗಳಲ್ಲಿ ಮುಗಿಯಬಹುದು. ಬೆಳೆದ ನಾಯಿಗೆ ಎರಡು ಮೂರು ತಿಂಗಳು. ಈ ನಡುವೆ ಒಂದು ಸಲ ಎಗರಿ ಬಿದ್ದರೂ ಆ ಎಳೆಯ ನಾಳಗಳು ಹರಿಯುತ್ತವೆ, ಸ್ಕ್ರೂ ಸಡಿಲಗೊಳ್ಳುತ್ತದೆ, ಕೆಲಸ ಮೊದಲಿನಿಂದ ಶುರುವಾಗುತ್ತದೆ.

ಮೇಷ್ಟ್ರು ಇದನ್ನು ಪಾಠದ ಹಾಗೆ ಮನೆಮಂದಿಗೆ ವಿವರಿಸುತ್ತಿದ್ದಾಗ ಅವರ ತಾಯಿ, ಮನೆಗೆಲ್ಲ ಅಜ್ಜಿ, ಗೋಡೆಗೊರಗಿ ಕೇಳುತ್ತಿದ್ದರು. ಎಂಬತ್ತರ ಹತ್ತಿರದ ಜೀವ. ಅರವತ್ತು ವರ್ಷ ರೇಷ್ಮೆ ಹುಳು ಸಾಕಿದ ಕೈ. ಎಲ್ಲ ಕೇಳಿ ಮೇಷ್ಟ್ರ ಮೊಮ್ಮಗಳ ಕಡೆ ತಿರುಗಿ ಹೇಳಿದರು: “ಉಳ ಜರಕ್ಕ ಕೂತದ ಅಂದ್ರ ಸುಮ್ನ ಅದ ಅಂತಲ್ಲ ಮೊಗ. ಒಳಗೊಳಗೇ ಹೊಸ ಮೈ ಕಟ್ಕತಾ ಅದ. ಇದೂ ಅಂಗೇ. ಯಾರೂ ಮುಟ್ಟಬ್ಯಾಡಿ.”

ಈ ಸೀಮೆಯವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ. 1956ರಲ್ಲಿ ರಾಜ್ಯಗಳ ಮರುವಿಂಗಡಣೆ ಆಗುವವರೆಗೆ ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಆ ಇಡೀ ಪ್ರಾಂತ್ಯದ ರೇಷ್ಮೆಯ ಬಹುಪಾಲು ಈ ಒಂದು ತಾಲ್ಲೂಕಿನಿಂದಲೇ ಹೋಗುತ್ತಿತ್ತು. ಹಿಪ್ಪುನೇರಳೆ ಸೊಪ್ಪು, ಹುಳದ ತಟ್ಟೆ, ಚಂದ್ರಿಕೆ, ಗೂಡು, ಮಗ್ಗ ಇವುಗಳ ನಡುವೆಯೇ ತಲೆಮಾರುಗಳು ಬೆಳೆದಿವೆ. ರೇಷ್ಮೆ ಹುಳು ಮೊಟ್ಟೆಯೊಡೆದು ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಪೊರೆ ಕಳಚುತ್ತದೆ. ಪ್ರತಿ ಸಲವೂ ಸುಮಾರು ಒಂದು ಹಗಲು ಒಂದು ರಾತ್ರಿ ಅದು ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿಕೊಂಡು ಅಲುಗಾಡದೆ ಕೂರುತ್ತದೆ. ಇದಕ್ಕೆ ಇಲ್ಲಿನವರು ಜ್ವರ ಎನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ಹುಳು ಜ್ವರಕ್ಕೆ ಕೂತಿತೆಂದರೆ ಸೊಪ್ಪು ಹಾಕುವುದು ನಿಲ್ಲುತ್ತದೆ. ಹಾಸು ಒಣಗಿರಲೆಂದು ಸುಣ್ಣದ ಪುಡಿ ಉದುರಿಸುತ್ತಾರೆ. ತಟ್ಟೆ ಅಲ್ಲಾಡಿಸುವವರಿಲ್ಲ, ಹುಳುಮನೆಯಲ್ಲಿ ಓಡಾಟವೂ ಕಡಿಮೆ. ಎಲ್ಲ ಹುಳುಗಳೂ ಜ್ವರದಿಂದ ಎದ್ದ ಮೇಲೆಯೇ ಮತ್ತೆ ಸೊಪ್ಪು. ಅವಸರಪಟ್ಟವನ ಬೆಳೆ ಒಂದೇ ಸಮನಾಗಿ ಏಳುವುದಿಲ್ಲ ಎಂಬುದು ಇಲ್ಲಿನ ಮಕ್ಕಳಿಗೂ ಗೊತ್ತು.

ಹುಳು ತಾನಾಗಿ ಕೂರುತ್ತದೆ. ನಾಯಿಯನ್ನು ಕೂರಿಸಬೇಕು. ವ್ಯತ್ಯಾಸ ಅಲ್ಲಿದೆ.

ಕೂರಿಸಲು ಜಾಗ ಬೇಕಲ್ಲ. ಪೇಟೆಯಲ್ಲಿ ಸಿಗುವ ತಂತಿಯ ಪಂಜರ ತರೋಣವೆಂದು ಹೊರಟ ಮೇಷ್ಟ್ರನ್ನು ಸೊಸೆ ತಡೆದಳು. ಈಗೀಗ ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿಡುವುದು ಪ್ಲಾಸ್ಟಿಕ್ಕಿನ ನೇತ್ರಿಕೆಗೆ. ಹಳೆಯ ಬಿದಿರಿನ ಚಂದ್ರಿಕೆಗಳು ಅಟ್ಟದ ಮೇಲೆ ಬಿದ್ದಿದ್ದವು. ಆರಡಿ ಉದ್ದ, ನಾಲ್ಕಡಿ ಅಗಲದ ಬಿದಿರು ಚಾಪೆ, ಅದರ ಮೇಲೆ ಸುರುಳಿಸುರುಳಿಯಾಗಿ ನಿಲ್ಲಿಸಿದ ಬಿದಿರಿನ ಪಟ್ಟಿ. ಎರಡು ಚಂದ್ರಿಕೆಗಳನ್ನು ತೊಳೆದು ಎರಡು ದಿನ ಬಿಸಿಲಿಗಿಟ್ಟು, ನಡುಮನೆಯ ಮೂಲೆಯಲ್ಲಿ ಅಡ್ಡಡ್ಡಲಾಗಿ ನಿಲ್ಲಿಸಿ ಹಗ್ಗದಿಂದ ಕಟ್ಟಿದರು. ಸುರುಳಿಯ ಮುಖ ಹೊರಕ್ಕೆ, ಉಗುರು ಸಿಕ್ಕಿಕೊಳ್ಳದ ಚಾಪೆಯ ಮುಖ ಒಳಕ್ಕೆ. ಎರಡು ಕಡೆ ಗೋಡೆ, ಎರಡು ಕಡೆ ಚಂದ್ರಿಕೆ. ಒಳಗಿನ ಜಾಗ ಹೆಚ್ಚಾಯಿತೆಂದು ಒಂದನ್ನು ಮತ್ತೆ ಹತ್ತಿರ ಸರಿಸಿದರು. ನಾಯಿ ನಿಲ್ಲಬೇಕು, ತಿರುಗಬೇಕು, ಕಾಲು ಚಾಚಿ ಮಲಗಬೇಕು. ಆದರೆ ಎರಡು ಹೆಜ್ಜೆ ಓಡಿ ಜಿಗಿಯಲು ಆಗಬಾರದು. ಅಳತೆ ಅಷ್ಟೇ. ನೆಲ ನುಣುಪಾದ ಟೈಲ್ಸು, ಮೂರು ಕಾಲಿನಲ್ಲಿ ನಿಂತವಳು ಜಾರುತ್ತಾಳೆಂದು ಗೋಣಿಚೀಲ ಬಿಡಿಸಿ ಹಾಸಿ, ಅಂಚುಗಳನ್ನು ಭಾರದ ಕಲ್ಲಿನಿಂದ ಒತ್ತಿಟ್ಟರು. ಅದರ ಮೇಲೆ ಹಳೆಯ ರಗ್ಗು. ಜನರ ಮಾತು ಕೇಳಿಸುವ, ಅಡುಗೆಯ ವಾಸನೆ ಬರುವ, ಆದರೆ ಬೀದಿ ಕಾಣದ ಮೂಲೆ ಅದು. ನಾಯಿಗೆ ಒಂಟಿತನ ಮತ್ತೊಂದು ರೋಗ. ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಟ್ಟಿದ್ದರೆ ಅವಳು ಬಾಗಿಲನ್ನೇ ಕೆರೆದು ಕಾಲು ಹಾಳುಮಾಡಿಕೊಳ್ಳುತ್ತಿದ್ದಳು.

ಇಲ್ಲಿ ರೇಷ್ಮೆ ಮನೆಗಳಿಗೆ ಮಾತ್ರ ಇರುವ ಒಂದು ತೊಡಕನ್ನು ಹೇಳಬೇಕು. ನಾಯಿಯ ಮೈಗೆ ಉಣ್ಣೆ, ಚಿಗಟ ಹತ್ತದಂತೆ ಹಾಕುವ ಔಷಧಿಗಳಲ್ಲಿ ಅನೇಕವು ಕೀಟನಾಶಕಗಳೇ. ಆಡಿನ ಉಣ್ಣೆಗೆ, ಎಮ್ಮೆಯ ಉಣ್ಣೆಗೆ ಸಿಂಪಡಿಸುವ ದ್ರಾವಣಗಳೂ ಹಾಗೆಯೇ. ರೇಷ್ಮೆ ಹುಳು ಕೂಡ ಕೀಟ. ಆ ಔಷಧಿಯ ಸೋಂಕು ಕೈಗೆ ಅಂಟಿಕೊಂಡು ಸೊಪ್ಪಿಗೆ ತಾಗಿದರೂ ತಟ್ಟೆಗಟ್ಟಲೆ ಹುಳು ಸಾಯುತ್ತವೆ. ಎಂಟು ವಾರ ಒಂದೇ ಹಾಸಿನ ಮೇಲೆ ಮಲಗುವ ನಾಯಿಗೆ ಉಣ್ಣೆಯ ಕಾಟ ಹೆಚ್ಚುತ್ತದೆ, ಔಷಧಿ ಹಾಕದೆ ಗತಿಯಿಲ್ಲ. ಸೊಸೆ ಒಂದು ನಿಯಮ ಮಾಡಿದಳು. ಹುಳುಮನೆಗೆ ಹೋಗುವವರು ನಾಯಿ ಮುಟ್ಟುವುದಿಲ್ಲ. ಮುಟ್ಟಿದವರು ಸ್ನಾನ ಮಾಡಿ ಬಟ್ಟೆ ಬದಲಿಸದೆ ಹುಳುಮನೆಗೆ ಹೋಗುವುದಿಲ್ಲ. ಹಾಗಾಗಿ ರೋಸಿಯ ಸೇವೆ ಮೇಷ್ಟ್ರು, ಮೊಮ್ಮಗಳು, ಅಜ್ಜಿಯ ಪಾಲಿಗೆ ಬಂತು. ಸೊಸೆ ಚಂದ್ರಿಕೆಯ ಆಚೆ ನಿಂತು ಮಾತಾಡಿಸುವುದು. ರೋಸಿಗೆ ಅವಳೆಂದರೆ ಪ್ರಾಣ. ಆ ಎರಡು ಮಾರಿನ ದೂರ ಇಬ್ಬರಿಗೂ ಕಷ್ಟವಾಯಿತು.

ಮೊದಲ ನಾಲ್ಕು ದಿನ ಸುಲಭವಾಗಿ ಕಳೆದವು. ನೋವು, ಮಂಪರು, ನಿದ್ದೆ. ಐದನೆಯ ದಿನ ಔಷಧಿ ಚೆನ್ನಾಗಿ ಹಿಡಿದು ನೋವು ಇಳಿಯಿತು, ಅಲ್ಲಿಂದ ನಿಜವಾದ ಪರೀಕ್ಷೆ. ಅವಳ ಲೆಕ್ಕದಲ್ಲಿ ಅವಳು ಗುಣವಾಗಿದ್ದಳು. ಕಾಲು ಕೆಳಗಿಟ್ಟು ನಿಲ್ಲತೊಡಗಿದಳು, ಹಗ್ಗ ಕಚ್ಚಿ ಎಳೆದಳು, ಕೊರಳಿಗೆ ಹಾಕಿದ್ದ ಆಲಿಕೆಯಂಥ ಪ್ಲಾಸ್ಟಿಕ್ ಪಟ್ಟಿಯನ್ನು ಚಂದ್ರಿಕೆಗೆ ಬಡಿದು ಸದ್ದು ಮಾಡಿದಳು. ನಾಯಿ ಓಡಾಡುತ್ತಿದೆ ಎಂದರೆ ಮೂಳೆ ಕೂಡಿದೆ ಎಂದಲ್ಲ. ನೋವು ಕಾಣಿಸುತ್ತಿಲ್ಲ, ಅಷ್ಟೇ. ಇದನ್ನು ನಂಬುವುದು ಪ್ರೀತಿಸುವವರಿಗೆ ತುಂಬ ಕಷ್ಟ.

ಆ ಕೊರಳಪಟ್ಟಿಯನ್ನು ತೆಗೆಸಿಬಿಡಿ ಎಂದು ಮನೆಗೆ ಬಂದವರೆಲ್ಲ ಬೇಡಿಕೊಂಡರು. ತೆಗೆದಿದ್ದರೆ ಒಂದು ರಾತ್ರಿಯಲ್ಲಿ ಹೊಲಿಗೆ ನೆಕ್ಕಿ ಬಿಚ್ಚುತ್ತಿದ್ದಳು. ಅದನ್ನು ತೆಗೆಯುವ ಬದಲು ನೀರಿನ ಬಟ್ಟಲನ್ನು ಎರಡು ಇಟ್ಟಿಗೆಯ ಮೇಲೆ ಏರಿಸಿಟ್ಟರು, ಪಟ್ಟಿ ನೆಲಕ್ಕೆ ತಾಗದೆ ಕುಡಿಯಲು ಬಂತು. ನೋವಿಗೆ ಒಂದು ಮಾತ್ರೆ ಕೊಡಿ, ನಮ್ಮನೆಯಲ್ಲೇ ಇದೆ ಎಂದ ಪಕ್ಕದ ಮನೆಯವರ ಕೈಯಲ್ಲಿ ಇದ್ದದ್ದು ಮನುಷ್ಯರ ಡೈಕ್ಲೋಫೆನಾಕ್. ಅದೂ, ಐಬುಪ್ರೊಫೆನ್ನೂ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸಬಲ್ಲವು. ಪ್ಯಾರಾಸಿಟಮಾಲ್ ಕೂಡ ವೈದ್ಯರನ್ನು ಕೇಳದೆ ಕೊಡುವಂಥದಲ್ಲ, ಬೆಕ್ಕಿಗಂತೂ ಪ್ರಾಣಾಂತಿಕ. ಡೈಕ್ಲೋಫೆನಾಕ್ ಕೊಟ್ಟ ದನಗಳ ಹೆಣ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತ ಬಂದು, 2006ರಲ್ಲಿ ಭಾರತ ಸರ್ಕಾರ ಪಶುಗಳಿಗೆ ಅದರ ಬಳಕೆಯನ್ನೇ ನಿಷೇಧಿಸಿತು. ನಾಯಿಗೆ ವೈದ್ಯರು ಬರೆದುಕೊಟ್ಟದ್ದು ಮೆಲಾಕ್ಸಿಕಾಮ್, ಅದೂ ತೂಕ ನೋಡಿ, ಹನಿ ಲೆಕ್ಕದಲ್ಲಿ, ಊಟದ ಮೇಲೆ. ಚಡಪಡಿಕೆ ತೀರ ಹೆಚ್ಚಾದರೆ ಮನಸ್ಸನ್ನು ತುಸು ತಣ್ಣಗಿಡುವ ಮಾತ್ರೆಗಳೂ ಇವೆ, ವೈದ್ಯರನ್ನು ಕೇಳಲು ಸಂಕೋಚ ಬೇಡ. ರೋಸಿಗೂ ಎರಡು ವಾರ ಅದು ಬೇಕಾಯಿತು. ನಾಯಿಗೆ ಅಮಲು ಕೊಡುತ್ತಿದ್ದೇವೆ ಎಂದು ಮೇಷ್ಟ್ರು ಮೊದಲು ನೊಂದುಕೊಂಡರು. ಕುಣಿದು ಕಾಲು ಮುರಿದುಕೊಳ್ಳುವುದಕ್ಕಿಂತ ಮಂಪರಿನಲ್ಲಿ ಎರಡು ಗಂಟೆ ಹೆಚ್ಚು ಮಲಗುವುದು ಅವಳಿಗೇ ಒಳ್ಳೆಯದೆಂದು ಆಮೇಲೆ ಒಪ್ಪಿಕೊಂಡರು.

ದಿನಕ್ಕೆ ನಾಲ್ಕು ಸಲ ಹೊರಗೆ. ಅಂಗಳದ ಎರಡು ಮೆಟ್ಟಿಲನ್ನು ಎತ್ತಿಕೊಂಡೇ ಇಳಿಸುವುದು, ಎದೆಯ ಕೆಳಗೆ ಟವೆಲ್ಲು ಹಾಕಿ ಭಾರ ತಡೆಯುವುದು, ಗಿಡ್ಡ ಹಗ್ಗ. ಇಬ್ಬನಿಯ ಬೆಳಗಿನಲ್ಲಿ ಪಟ್ಟಿ ನೆನೆಯದಂತೆ ನಂದಿನಿ ಹಾಲಿನ ಖಾಲಿ ಪ್ಯಾಕೆಟ್ಟು ತೊಳೆದು ಕಾಲಿಗೆ ತೊಡಿಸುತ್ತಿದ್ದರು. ಒಳಗೆ ಬಂದ ಕೂಡಲೇ ಅದನ್ನು ತೆಗೆಯಬೇಕು. ಮರೆತರೆ ಒಳಗೇ ಬೆವೆತು ಚರ್ಮ ಕೊಳೆಯುತ್ತದೆ. ಬೆರಳುಗಳನ್ನು ದಿನಕ್ಕೆರಡು ಸಲ ಮುಟ್ಟಿ ನೋಡುವುದು ಮೊಮ್ಮಗಳ ಕೆಲಸ. ಬೆಚ್ಚಗಿವೆಯೇ, ನಡುವಿನ ಎರಡು ಬೆರಳು ಊದಿ ದೂರ ಸರಿದಿವೆಯೇ, ಕೆಟ್ಟ ವಾಸನೆಯಿದೆಯೇ. ನೋಟುಬುಕ್ಕಿನಲ್ಲಿ ತಾರೀಖು ಹಾಕಿ ಬರೆಯುತ್ತಿದ್ದಳು. ಏಳನೆಯ ತರಗತಿಯ ಹುಡುಗಿಯ ಆ ನೋಟುಬುಕ್ಕನ್ನು ವೈದ್ಯರು ಎರಡನೆಯ ಭೇಟಿಯಲ್ಲಿ ಮೊದಲಿಂದ ಕೊನೆಯವರೆಗೆ ಓದಿದರು.

ಊಟ ಕಡಿಮೆ ಮಾಡುವುದು ಅಜ್ಜಿಗೆ ಸರಿಬರಲಿಲ್ಲ. ಕಾಯಿಲೆ ಬಿದ್ದ ಜೀವಕ್ಕೆ ತಿನ್ನಿಸಬೇಕು ಎಂಬುದು ಅವರ ಕಾಲದ ಧರ್ಮ. ಆದರೆ ಓಡಾಟ ನಿಂತ ಮೇಲೆ ಮೊದಲಿನಷ್ಟೇ ತಿಂದರೆ ಮೈ ಬರುತ್ತದೆ. ಐದು ಕಿಲೋ ನಾಯಿಗೆ ಅರ್ಧ ಕಿಲೋ ಹೆಚ್ಚುವುದೆಂದರೆ ಅರವತ್ತು ಕಿಲೋ ಮನುಷ್ಯನಿಗೆ ಆರು ಕಿಲೋ ಹೆಚ್ಚಿದ ಹಾಗೆ, ಆ ಭಾರವೆಲ್ಲ ಕೂಡುತ್ತಿರುವ ಮೂಳೆಯ ಮೇಲೆ. ರಾಗಿಮುದ್ದೆಯ ಗಾತ್ರ ಚಿಕ್ಕದಾಯಿತು, ಬೇಯಿಸಿದ ಮೊಟ್ಟೆಯೂ ಮೂಳೆ ಬಿಡಿಸಿದ ಕೋಳಿಮಾಂಸವೂ ಜೊತೆಯಾದವು. ಬೆಂದ ಕೋಳಿಮೂಳೆ ಸೀಳಿ ಗಂಟಲಿಗೆ ಚುಚ್ಚುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಬಸ್ಸಾರು ನಾಯಿಯ ರಕ್ತಕಣಗಳನ್ನು ಕೆಡಿಸುತ್ತದೆ. ಇವೆರಡೂ ರೋಸಿಗೆ ಅಂದಿನಿಂದ ನಿಂತವು.

ಮೂರನೆಯ ವಾರದಲ್ಲಿ ಆಗಬಾರದ್ದು ಆಯಿತು. ಹನೂರಿನಿಂದ ಬಂದ ನೆಂಟರೊಬ್ಬರು, ಕುರಿ ಕಾಯುವ ನಾಯಿಗಳ ನಡುವೆ ಬೆಳೆದವರು, ಚಂದ್ರಿಕೆಯ ಹಿಂದೆ ಕುಂಯ್‌ಗುಟ್ಟುತ್ತಿದ್ದ ರೋಸಿಯನ್ನು ನೋಡಿ ಮರುಗಿ ಹಗ್ಗ ಬಿಚ್ಚಿದರು. ಒಂದು ಗಳಿಗೆ ಅಷ್ಟೇ. ಅವಳು ನಡುಮನೆ ದಾಟಿ, ಜಗಲಿ ಹಾರಿ, ಅಂಗಳದ ತುದಿಯ ತೆಂಗಿನಮರ ಸುತ್ತಿ, ಹುಳುಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆಯ ಕಾಲ ಬಳಿ ಬಂದು ಬಿದ್ದಳು. ಹೊರಳಿ ಹೊಟ್ಟೆ ತೋರಿಸಿದಳು. ಮೂರು ವಾರದ ಆಸೆ ಆ ಹತ್ತು ಸೆಕೆಂಡಿನ ಓಟದಲ್ಲಿತ್ತು. ಸಂಜೆಗೆ ಕಾಲು ಊದಿಕೊಂಡಿತು. ರಾತ್ರಿ ಊಟ ಬಿಟ್ಟಳು. ಮರುದಿನ ಮತ್ತೆ ಮೈಸೂರು, ಮತ್ತೆ ಎಕ್ಸ್‌ರೇ. ಪ್ಲೇಟು ಅಲುಗಿರಲಿಲ್ಲ, ಒಂದು ಸ್ಕ್ರೂ ಮಾತ್ರ ತುಸು ಸಡಿಲವಾಗಿತ್ತು. ಇನ್ನೆರಡು ವಾರ ಸೇರಿಸಿ ಎಂದರು ವೈದ್ಯರು. ನೆಂಟರು ಕಣ್ಣಲ್ಲಿ ನೀರು ತಂದುಕೊಂಡರು. ಅವರನ್ನು ಯಾರೂ ಬಯ್ಯಲಿಲ್ಲ. ಕನಿಕರಕ್ಕೆ ಬಂದ ಜನ ಹಗ್ಗ ಬಿಚ್ಚುವ ಬದಲು ಹತ್ತಿರ ಕೂರಬಹುದೆಂದು ಮಾತ್ರ ಮೇಷ್ಟ್ರು ಹೇಳಿದರು.

ಹತ್ತಿರ ಕೂರುವುದೇ ಆಮೇಲಿನ ಚಿಕಿತ್ಸೆಯಾಯಿತು. ಮೈ ಓಡದಿದ್ದರೂ ಮೂಗು ಓಡಬಹುದಲ್ಲ. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಜೀವಕೋಶಗಳು ಐದಾರು ದಶಲಕ್ಷವಾದರೆ ನಾಯಿಗೆ ಇಪ್ಪತ್ತು ಕೋಟಿಗೂ ಹೆಚ್ಚು. ಕಾಲು ಗಂಟೆ ಮೂಸಿ ಹುಡುಕುವ ಕೆಲಸ ಕೊಟ್ಟರೆ ನಾಯಿ ಊರು ಸುತ್ತಿ ಬಂದ ಹಾಗೆ ದಣಿದು ಮಲಗುತ್ತದೆ. ಮೊಮ್ಮಗಳು ಊಟವನ್ನು ಬಟ್ಟಲಿಗೆ ಹಾಕುವುದನ್ನೇ ಬಿಟ್ಟಳು. ರಾಗಿಮುದ್ದೆಯನ್ನು ಗೋಲಿಯಷ್ಟು ಉಂಡೆ ಮಾಡಿ ಮೂರು ತೆಂಗಿನ ಕರಟಗಳಲ್ಲಿ ಒಂದರ ಕೆಳಗೆ ಬಚ್ಚಿಡುವುದು, ಟವೆಲ್ಲಿನ ಮಡಿಕೆಗಳಲ್ಲಿ ಮೊಟ್ಟೆಯ ಚೂರು ಸುತ್ತಿಡುವುದು, ಮೊಟ್ಟೆ ಟ್ರೇಯ ಗುಳಿಗಳಲ್ಲಿ ಅನ್ನದ ಅಗುಳು. ರೋಸಿ ಮಲಗಿದ ಕಡೆಯಿಂದಲೇ ಹುಡುಕುತ್ತಿದ್ದಳು. ಮೂಗಿನ ಹೊಳ್ಳೆ ಅರಳಿ ಮುಚ್ಚುವ ಸದ್ದು ನಡುಮನೆಗೆ ಕೇಳುತ್ತಿತ್ತು.

ಆಮೇಲೆ ಹುಡುಗಿಗೆ ಇನ್ನೊಂದು ಹೊಳೆಯಿತು. ನಾಯಿ ಊರಿಗೆ ಹೋಗಲಾಗದಿದ್ದರೆ ಊರನ್ನೇ ತರೋಣ. ಯಳಂದೂರಿನ ಅತ್ತೆ ಬಂದಾಗ ಬಿಳಿಗಿರಿರಂಗನ ಬೆಟ್ಟದಿಂದ ಒಂದು ಹಿಡಿ ಒಣಗಿದ ಎಲೆ ತಂದರು. ಹನೂರಿನ ನೆಂಟರು, ಅದೇ ಹಗ್ಗ ಬಿಚ್ಚಿದವರು, ಕುರಿಹಟ್ಟಿಯಲ್ಲಿ ಬಿದ್ದಿದ್ದ ಗೋಣಿಯ ತುಂಡೊಂದನ್ನು ಬಸ್ಸಿನಲ್ಲಿ ಕಳಿಸಿಕೊಟ್ಟರು. ಭರಚುಕ್ಕಿ ನೋಡಿ ಬಂದ ಶಾಲೆಯ ಗೆಳತಿ ಒಂದು ಹೊಳೆಗಲ್ಲು ಕೊಟ್ಟಳು. ಪ್ರತಿದಿನ ಒಂದೊಂದನ್ನು ಚಂದ್ರಿಕೆಯ ಒಳಗಿಡುವುದು. ಗೋಣಿಯ ತುಂಡನ್ನು ರೋಸಿ ಇಪ್ಪತ್ತು ನಿಮಿಷ ಮೂಸಿದಳು. ಅಂಚಿನಿಂದ ಅಂಚಿಗೆ, ನಡುವಿಗೆ, ಮತ್ತೆ ಅಂಚಿಗೆ. ಬೆಳಗ್ಗೆ ಮೇಷ್ಟ್ರು ಪತ್ರಿಕೆ ಓದುವ ಹಾಗೆ. ಎಷ್ಟು ಕುರಿ, ಯಾವ ನಾಯಿ, ಯಾವ ಮಳೆ ಎಂದು ಅವಳಿಗೆ ಗೊತ್ತಾಗಿರಬೇಕು. ಆಮೇಲೆ ಅದರ ಮೇಲೆಯೇ ಗದ್ದವಿಟ್ಟು ನಿದ್ದೆ ಹೋದಳು.

ಶಿವರಾತ್ರಿ ಹತ್ತಿರವಾದಂತೆ ಹೊಸ ಚಿಂತೆ. ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಪರುಷೆಯ ಜನ ಮಂಡ್ಯ, ರಾಮನಗರ, ಬೆಂಗಳೂರಿನ ಕಡೆಯಿಂದ ಕಾವೇರಿ ದಾಟಿ ಕೊಳ್ಳೇಗಾಲ, ಹನೂರಿನ ಮೇಲೆ ಸಾಗುತ್ತಾರೆ. ಹಗಲೂ ರಾತ್ರಿ ಉಘೇ ಮಾದಪ್ಪ, ಕಂಸಾಳೆಯ ಸದ್ದು, ಅನ್ನದಾನದ ಪೆಂಡಾಲುಗಳ ಮೈಕು. ಊರಿನ ಎಳೆಯರೂ ಗುಂಪುಗಟ್ಟಿ ಹಾಡುತ್ತ ಹೆದ್ದಾರಿಗೆ ಹೊರಟರು. ಮೊದಲ ದಿನವೇ ರೋಸಿ ಹಿಂಗಾಲ ಮೇಲೆ ಎದ್ದು ನಿಂತು ಬೊಗಳತೊಡಗಿದಳು. ಮುಂಗಾಲು ಮತ್ತೆ ಗೋಣಿಯ ಮೇಲೆ ಧೊಪ್ಪೆಂದು ಬೀಳುತ್ತಿತ್ತು. ಆ ಸಂಜೆಯೇ ಚಂದ್ರಿಕೆಗಳನ್ನು ಹಿಂದಿನ ಕೋಣೆಗೆ ಸಾಗಿಸಿ, ಕಿಟಕಿಗೆ ಕಂಬಳಿ ಕಟ್ಟಿ, ರೇಡಿಯೋ ತಂದಿಟ್ಟರು. ಗ್ಲಾಸ್ಗೋ ವಿಶ್ವವಿದ್ಯಾಲಯದವರು ಸ್ಕಾಟ್ಲೆಂಡಿನ ಪ್ರಾಣಿದಯಾ ಸಂಘದ ಜೊತೆ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಸಂಗೀತ ಕೇಳಿಸಿದಾಗ ಗೂಡಿನಲ್ಲಿದ್ದ ನಾಯಿಗಳು ಹೆಚ್ಚು ಹೊತ್ತು ಮಲಗಿದ್ದವು. ಮೆದು ರಾಕ್ ಮತ್ತು ರೆಗ್ಗೆ ಅವುಗಳಿಗೆ ಹೆಚ್ಚು ಹಿಡಿಸಿದಂತೆ ಕಂಡಿತ್ತು. ಈ ಮನೆಯಲ್ಲಿ ಇದ್ದದ್ದು ಮೈಸೂರು ಆಕಾಶವಾಣಿ. ವೀಣೆಗೂ ಕೃಷಿರಂಗಕ್ಕೂ ರೋಸಿ ಭೇದವೆಣಿಸಲಿಲ್ಲ. ಒಂದೇ ಸಮನಾದ ಮನುಷ್ಯನ ದನಿ, ಹೊರಗಿನ ಸದ್ದನ್ನು ಮುಚ್ಚುವಷ್ಟು. ಅಷ್ಟು ಸಾಕಾಯಿತು. ಪರುಷೆಯ ಕೊನೆಯ ಗುಂಪು ಹೋಗುವವರೆಗೆ ಅಜ್ಜಿ ಆ ಕೋಣೆಯಲ್ಲೇ ಮಲಗಿದರು. ಆ ವರ್ಷ ಅವರು ಮಾದಪ್ಪನ ಜನರಿಗೆ ನೀರು ಕೊಡಲು ರಸ್ತೆಗೆ ಹೋಗಲಿಲ್ಲ.

ಒಂದು ರಾತ್ರಿ ಮೇಷ್ಟ್ರು ಮೊಮ್ಮಗಳಿಗೆ ಆತಕೂರಿನ ಕಲ್ಲಿನ ಕತೆ ಹೇಳಿದರು. ಕೊಳ್ಳೇಗಾಲದಿಂದ ಬಹಳ ದೂರವೇನಲ್ಲ, ಮದ್ದೂರು ಸೀಮೆಯ ಊರು. ಹತ್ತನೆಯ ಶತಮಾನದ ನಡುವೆ, ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರನೆಂಬ ವೀರನಿಗೆ ಗಂ‌ಗರ ಅರಸ ಬೂತುಗ ಏನು ಬೇಕೆಂದು ಕೇಳಿದಾಗ ಅವನು ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ, ಕಾಳಿ ಎಂಬ ನಾಯಿಯನ್ನು ಕೇಳಿದ. ಆ ಕಾಳಿ ದೊಡ್ಡ ಕಾಡುಹಂದಿಯೊಂದರ ಮೇಲೆ ಬಿದ್ದು, ಎರಡೂ ಒಟ್ಟಿಗೆ ಸತ್ತವು. ಅದಕ್ಕಾಗಿ ಕಲ್ಲು ನಿಲ್ಲಿಸಿದರು, ನಾಯಿ ಹಂದಿಗಳ ಹೋರಾಟವನ್ನು ಕೆತ್ತಿಸಿದರು, ಪೂಜೆಗೆ ಭೂಮಿ ಬಿಟ್ಟರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಹುಡುಗಿ ಕೇಳಿದಳು: “ಅದಕ್ಕೆ ಗಾಯ ಆಗಿ ಬದುಕಿದ್ದಿದ್ದರೆ ಅವರು ಹಿಂಗೇ ಕೂರಿಸ್ಕೊಂಡು ನೋಡ್ಕೋತಿದ್ರಾ ತಾತ?” ನೋಡಿಕೊಳ್ಳುತ್ತಿದ್ದರು ಎಂದರು ಮೇಷ್ಟ್ರು. ಊರನ್ನು ಬಿಟ್ಟು ನಾಯಿಯನ್ನು ಕೇಳಿದವನು ನೋಡಿಕೊಳ್ಳದೆ ಇರುತ್ತಿದ್ದನೇ?

ಹತ್ತನೆಯ ವಾರದ ಎಕ್ಸ್‌ರೇಯಲ್ಲಿ ಮುರಿತದ ಗೆರೆ ಮಾಸಿತ್ತು. ಕಾಲು ಮಾತ್ರ ಸೊರಗಿತ್ತು; ಎಡ ಮುಂಗಾಲಿನ ಮುಕ್ಕಾಲು ಪಾಲೂ ಇರಲಿಲ್ಲ. ಬಳಸದ ಸ್ನಾಯು ಕರಗುವುದು ವಾರಗಳಲ್ಲಿ, ತುಂಬಿಕೊಳ್ಳುವುದು ತಿಂಗಳುಗಳಲ್ಲಿ. ನಡಿಗೆ ಶುರುವಾಯಿತು: ಮೊದಲ ವಾರ ದಿನಕ್ಕೆ ಎರಡು ಸಲ ಐದೈದು ನಿಮಿಷ, ಗಿಡ್ಡ ಹಗ್ಗದಲ್ಲಿ, ನಿಧಾನವಾಗಿ. ಓಡಿದರೆ ನಾಯಿ ಪೆಟ್ಟಾದ ಕಾಲನ್ನು ಎತ್ತಿಕೊಂಡು ಮೂರರಲ್ಲಿ ಓಡುತ್ತದೆ. ನಿಧಾನ ನಡೆದಾಗಲೇ ನಾಲ್ಕನ್ನೂ ಊರುತ್ತದೆ. ಎರಡನೆಯ ವಾರ ಹತ್ತು ನಿಮಿಷ. ಮಲಗಿದ್ದಾಗ ಬೆಚ್ಚನೆ ಬಟ್ಟೆಯಿಟ್ಟು, ಮಣಿಕಟ್ಟನ್ನು ನೋವಾಗದಷ್ಟು ಮಡಿಸಿ ಬಿಡಿಸುವುದು. ಕಾಲುಗುರು ಕತ್ತರಿಸಿ ಹಿಡಿತ ಸಿಗುವಂತೆ ಮಾಡಿದರು. ನಡೆಯಲು ಆರಿಸಿದ್ದು ಹಿಪ್ಪುನೇರಳೆ ತೋಟದ ಬದು, ಮೆತ್ತನೆಯ ಮಣ್ಣು, ಎರಡೂ ಕಡೆ ಸೊಪ್ಪಿನ ಗೋಡೆ. ಹುಳುಮನೆಯಲ್ಲಿ ಆಗ ಬೆಳೆ ಮುಗಿದು ಬಿಡುವಾಗಿತ್ತು. ಸೊಸೆಯೇ ಹಗ್ಗ ಹಿಡಿದಳು.

ಚಂದ್ರಿಕೆಗಳನ್ನು ಬಿಚ್ಚಿದ ದಿನ ಅಜ್ಜಿ ಅವುಗಳ ಹೆಣಿಗೆಯಲ್ಲಿ ಸಿಕ್ಕಿದ್ದ ಬಿಳಿ ಕೂದಲನ್ನು ಒಂದೊಂದಾಗಿ ಕಿತ್ತು, ಚಂದ್ರಿಕೆಗಳನ್ನು ತೊಳೆದು ಅಂಗಳದಲ್ಲಿ ಒಣಗಿಸಿದರು. ಆಸೆಯಿಂದ ರೋಸಿಯನ್ನು ನಡುಮನೆಗೆ ಬಿಟ್ಟರು. ಅವಳು ಅಡುಗೆಮನೆಗೆ ಹೋದಳು, ದೇವರ ಕೋಣೆಯ ಹೊಸ್ತಿಲು ಮೂಸಿದಳು, ಸೊಸೆಯ ಸೆರಗು ಕಚ್ಚಿ ಎಳೆದಳು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ನಾಯಿ ಕಾಣಲಿಲ್ಲ. ಹುಡುಗಿ ಬೀದಿಗೆ ಓಡಿದಳು. ಅಜ್ಜಿ ಹಿಂದಿನ ಕೋಣೆಗೆ ಹೋಗಿ ನೋಡಿದರು. ಬೇಲಿಯಿಲ್ಲದ ಆ ಮೂಲೆಯಲ್ಲಿ, ಹನೂರಿನ ಗೋಣಿತುಂಡಿನ ಮೇಲೆ, ನಾಲ್ಕೂ ಕಾಲು ಚಾಚಿ ರೋಸಿ ಮಲಗಿದ್ದಳು. ಅಜ್ಜಿ ರೇಡಿಯೋದ ಸದ್ದು ತುಸು ಇಳಿಸಿ, ಬಾಗಿಲನ್ನು ಮೆಲ್ಲಗೆ ಮುಂದಕ್ಕೆಳೆದುಕೊಂಡು ಬಂದರು.